ಓದದೆ ಒಪ್ಪಿದ ಪ್ರಬಂಧ

ನಮ್ಮ ಹತ್ತಿಮತ್ತೂರಿನ ಕಡೆ ಹತ್ತಿ ಕೊಳ್ಳುವವನು ಒಂದಿಷ್ಟನ್ನು ಬೆರಳಿನಲ್ಲಿ ಹಿಡಿದು, ಎಳೆಯ ಉದ್ದ ನೋಡದೆ ದರ ಹೇಳುವುದಿಲ್ಲ. ವಿದ್ವಾಂಸರ ಸಂಕಿರಣಗಳಲ್ಲಿ ಇಷ್ಟು ವ್ಯವಹಾರಜ್ಞಾನವೂ ಅಪರೂಪ. ಹಿಂದೊಮ್ಮೆ ಇಲ್ಲಿಯ ಬೀಸುವ ಪದಗಳ ಮೇಲೆ ಒಂದು ಪ್ರಬಂಧ ಕಳಿಸಿದ್ದೆ. ಮರುದಿನವೇ ‘ಸ್ವೀಕೃತ’ ಎಂಬ ಪತ್ರ ಬಂತು, ಜೊತೆಗೆ ಶುಲ್ಕದ ವಿವರ. ಕೊನೆಯ ಎರಡು ಪುಟಗಳನ್ನು ನಾನು ಸೇರಿಸಿರಲೇ ಇಲ್ಲ. ಅದನ್ನು ಯಾರೂ ಕಾಣಲಿಲ್ಲ.

ಹೊರಗೂ ಇದೇ ಕಥೆ. 2005ರಲ್ಲಿ ಅಮೆರಿಕದ ಎಂ.ಐ.ಟಿ.ಯ ಮೂವರು ವಿದ್ಯಾರ್ಥಿಗಳು ಗಣಕಯಂತ್ರದಿಂದ ಹೊಸೆದ ಅರ್ಥಹೀನ ಪ್ರಬಂಧವನ್ನು ಒಂದು ಸಮ್ಮೇಳನ ಪರಿಶೀಲಕರ ಅಭಿಪ್ರಾಯವಿಲ್ಲದೆಯೇ ಒಪ್ಪಿಕೊಂಡಿತ್ತು. ನಮ್ಮಲ್ಲಿ ಯು.ಜಿ.ಸಿ.ಯ 2016ರ ನಿಯಮ, ಪಿಎಚ್.ಡಿ. ಮಹಾಪ್ರಬಂಧ ಒಪ್ಪಿಸುವ ಮೊದಲು ಎರಡು ಪ್ರಬಂಧಗಳನ್ನು ಮಂಡಿಸಿರಬೇಕೆಂದಿತು. 2022ರ ನಿಯಮ ಆ ಕಟ್ಟಳೆಯನ್ನು ಬಿಟ್ಟಿತು. ಪ್ರಮಾಣಪತ್ರದ ಮೋಹ ನಮ್ಮನ್ನು ಬಿಟ್ಟಿಲ್ಲ.

ಪರಿಶೀಲಕರೇನು ಸರ್ವಜ್ಞರಲ್ಲ. 2014ರಲ್ಲಿ ಯಂತ್ರಕಲಿಕೆಯ ಒಂದು ದೊಡ್ಡ ಸಮ್ಮೇಳನದವರು 166 ಪ್ರಬಂಧಗಳನ್ನು ಎರಡು ಸಮಿತಿಗಳಿಗೆ ಬೇರೆಬೇರೆಯಾಗಿ ಕೊಟ್ಟು ನೋಡಿದರು. 43ರ ವಿಷಯದಲ್ಲಿ ತೀರ್ಪು ಕೂಡಲಿಲ್ಲ. ಆದರೆ ಅವರು ಓದಿ ಭಿನ್ನರಾದವರು. ಓದದ ಒಮ್ಮತಕ್ಕಿಂತ ಅದು ಮೇಲು.

ಇಷ್ಟೆಲ್ಲ ಹೇಳುವ ನಾನೂ ನಿರ್ದೋಷಿಯಲ್ಲ. ಕಳೆದ ವರ್ಷ ತರುಣಿಯೊಬ್ಬಳ ಪ್ರಬಂಧ ಪರಿಶೀಲನೆಗೆ ಬಂದಾಗ, ಪರಿಚಿತರ ದಾಕ್ಷಿಣ್ಯಕ್ಕೆ ‘ಒಪ್ಪಬಹುದು’ ಎಂದಷ್ಟೇ ಬರೆದು ಕಳಿಸಿದೆ. ಒಂದು ಗಂಟೆ ಕುಳಿತು ಓದಿದ್ದರೆ ಕಾಣುತ್ತಿದ್ದ ತಪ್ಪು ಅಚ್ಚಾಯಿತು. ಈಗ ಅದು ಅವಳ ಹೆಸರಿನಲ್ಲಿದೆ, ನನ್ನ ಹೆಸರಿನಲ್ಲಿಲ್ಲ.

ಬೇಡವೆಂದರೂ ಚಿಂತೆಯಿಲ್ಲ, ಏಕೆ ಬೇಡವೆಂಬುದನ್ನು ನಾಲ್ಕು ಸಾಲು ಬರೆದು ತಿಳಿಸಬೇಕು. ಹೊಸದಾಗಿ ಬರೆಯುವವರಿಗೆ ಹಿರಿಯರು ಕೊಡಬೇಕಾದ ಸಾಲ ಅಷ್ಟೇ.