ಹಳದಿ ಎಂದರೆ ಯಾವ ಹಳದಿ?

ಮಕ್ಕಳಿಗೆ ಬಣ್ಣ ಕಲಿಸಲು ನಾವು ಗೋಡೆಗೊಂದು ಪಟ ತೂಗುಹಾಕಿ, ‘ಇದು ಕೆಂಪು, ಇದು ಹಳದಿ’ ಎಂದು ಹೇಳಿಸುತ್ತೇವೆ. ಹೆಸರು ಬಾಯಿಗೆ ಬರುತ್ತದೆ, ಕಣ್ಣು ಮಾತ್ರ ಪಳಗುವುದಿಲ್ಲ. ಕಣ್ಣು ಪಳಗಿಸಲು ವಿನ್ಸೆಂಟ್ ವ್ಯಾನ್ ಗೋನ ‘ಮಲಗುವ ಕೋಣೆ’ ಚಿತ್ರವನ್ನೂ ಅದರ ಬಗ್ಗೆ ಅವನೇ ಬರೆದ ಪತ್ರವನ್ನೂ ಜೊತೆಗಿಟ್ಟು ಮಗುವಿನ ಮುಂದೆ ತೆರೆಯಬೇಕು. 1888ರ ಅಕ್ಟೋಬರಿನಲ್ಲಿ, ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿ ಆ ಚಿತ್ರ ಬರೆದ ವಿನ್ಸೆಂಟ್, ಕೋಣೆಯ ಒಂದೊಂದು ವಸ್ತುವಿನ ಬಣ್ಣವನ್ನೂ ತಮ್ಮ ಥಿಯೋಗೆ ಬಿಡಿಸಿ ತಿಳಿಸಿದ. ಗೋಡೆ ತಿಳಿನೇರಳೆ, ನೆಲ ಕೆಂಪು ಹೆಂಚು, ಹೊದಿಕೆ ಕಡುಗೆಂಪು. ಮಂಚ, ಕುರ್ಚಿಗಳು ಹೊಸ ಬೆಣ್ಣೆಯ ಹಳದಿ, ದಿಂಬು ನಿಂಬೆಯ ಹಸಿರು. ಹಳದಿ ಎಂದಷ್ಟೇ ಹೇಳಿದರೆ ಅವನಿಗೆ ಸಾಲದು, ಯಾವ ಹಳದಿ ಎಂಬುದು ಬೇಕು. ಕನ್ನಡದ ಮಗುವಿಗೆ ಈ ದಾರಿ ಹೊಸದೇನಲ್ಲ. ನೇರಳೆ, ಕಿತ್ತಳೆ, ಗಿಳಿಹಸಿರು ಎನ್ನುವಾಗ ನಾವೂ ಬಣ್ಣವನ್ನು ಹಣ್ಣು, ಹಕ್ಕಿಗಳ ಮೂಲಕವೇ ಗುರುತಿಸುತ್ತೇವೆ.

ಚಿತ್ರ ನೋಡಿ ಪತ್ರ ಓದಿದ ಮಗು ಥಟ್ಟನೆ ಕೇಳುತ್ತದೆ: ಗೋಡೆ ನೀಲಿಯಾಗಿದೆಯಲ್ಲ? ಮಗುವಿನ ಕಣ್ಣು ತಪ್ಪಿಲ್ಲ, ವಿನ್ಸೆಂಟನ ಮಾತೂ ಸುಳ್ಳಲ್ಲ. ನೇರಳೆಗೆ ಬೆರೆಸಿದ್ದ ಕೆಂಪು ವರ್ಷಗಳ ಬೆಳಕಿಗೆ ಮಾಸಿ, ನೀಲಿಯಷ್ಟೇ ಉಳಿದಿದೆ. ನೀಲಿಗೆ ತುಸು ಕೆಂಪು ಕಲಸಿದರೆ ಕಳೆದುಹೋದ ಗೋಡೆ ತಟ್ಟೆಯಲ್ಲೇ ಮರಳಿ ಬರುತ್ತದೆ. ಅದರ ಪಕ್ಕ ಹಳದಿ ಬಳಿದರೆ ಎರಡೂ ಒಂದನ್ನೊಂದು ಹೇಗೆ ಎತ್ತಿಕೊಡುತ್ತವೆ, ಚಿತ್ರಕಾರ ಆ ಜೋಡಿಯನ್ನೇ ಏಕೆ ಆರಿಸಿದ ಎಂಬುದೂ ಕಾಣುತ್ತದೆ. ಈ ಕೋಣೆಯಲ್ಲಿ ಅವನು ನೆರಳುಗಳನ್ನೇ ಬಿಟ್ಟ. ವಿಶ್ರಾಂತಿಯ ಭಾವವನ್ನು ಬಣ್ಣದಿಂದಲೇ ತರಬೇಕೆಂಬುದು ಅವನ ಹಟ.

ದೊಡ್ಡ ಕಲಾವಿದನ ಮಾತು ಮಗುವಿನ ಸ್ವಂತ ನೋಟವನ್ನು ಅದುಮಿಬಿಡುವುದಿಲ್ಲವೇ ಎಂಬ ಆತಂಕ ನ್ಯಾಯವಾದದ್ದೇ. ಅದಕ್ಕಾಗಿಯೇ ಮೊದಲು ಚಿತ್ರ, ಆಮೇಲೆ ಮಗುವಿನ ಮಾತು, ಕೊನೆಗೆ ಪತ್ರ ಎಂಬ ಕ್ರಮ ತಪ್ಪಬಾರದು. ಆಗ ಪತ್ರ ಅಪ್ಪಣೆಯಾಗದೆ, ಇನ್ನೊಬ್ಬ ನೋಡುಗನ ಸಾಕ್ಷಿಯಾಗುತ್ತದೆ. ಅಚ್ಚಾದ ಪ್ರತಿಯಲ್ಲಿ ಬಣ್ಣ ಬದಲಾಗಿರುತ್ತದೆಂಬ ಆಕ್ಷೇಪವೂ ದಿಟ. ಆದರೆ ವಿನ್ಸೆಂಟನೇ ಈ ಕೋಣೆಯನ್ನು ಮೂರು ಸಲ ಬರೆದಿದ್ದಾನೆ; ಆಮ್‌ಸ್ಟರ್‌ಡ್ಯಾಮ್, ಶಿಕಾಗೊ, ಪ್ಯಾರಿಸ್‌ಗಳಲ್ಲಿರುವ ಆ ಮೂರರ ಬಣ್ಣಗಳೂ ತದ್ವತ್ತಾಗಿಲ್ಲ. ನಮಗೆ ಬೇಕಾದದ್ದು ಒಂದೇ ಸರಿಯುತ್ತರವಲ್ಲ, ವ್ಯತ್ಯಾಸ ಹಿಡಿಯುವ ಕಣ್ಣು. ಪಾಠ ಮುಗಿದ ಮೇಲೆ ಮಗು ತನ್ನ ಮನೆಯ ಕೋಣೆಯನ್ನು ಬರೆಯಲಿ, ಅದರ ಬಣ್ಣಗಳನ್ನು ವಿವರಿಸಿ ಯಾರಿಗಾದರೂ ಪತ್ರವನ್ನೂ ಬರೆಯಲಿ. ಗೋಡೆ ಬಿಳಿ ಎಂದರೆ ನಾವು ಕೇಳಬೇಕಾದದ್ದು ಇಷ್ಟೇ: ಹಾಲಿನ ಬಿಳುಪೋ, ಸುಣ್ಣದ ಬಿಳುಪೋ?