ಹೆಸರಿಲ್ಲದ ರಾಣಿಯ ಪ್ರೇಮಕಥೆ

ಈ ಸಲ ನಮ್ಮ ಬಳಗದವರು ಕೂಡಿ ನೋಡಿದ್ದು ಅಶುತೋಷ್ ಗೋವಾರಿಕರ್ ಅವರ 'ಜೋಧಾ ಅಕ್ಬರ್' (2008). ಮೂರೂವರೆ ಗಂಟೆ ಕಳೆದದ್ದೇ ತಿಳಿಯಲಿಲ್ಲ. ರೆಹಮಾನರ ಸಂಗೀತ, ಹೃತಿಕ್-ಐಶ್ವರ್ಯಾ ಜೋಡಿಯ ಕತ್ತಿವರಸೆ ನಮಗೆಲ್ಲ ಹಿಡಿಸಿದವು.

ಚಿತ್ರ ಬಿಡುಗಡೆಯಾದಾಗ ಗಲಾಟೆ ಎದ್ದದ್ದು ಹೆಸರಿನ ಬಗ್ಗೆ. ಆಮೇರಿನ ರಾಜ ಭಾರಮಲ್ಲನ ಮಗಳನ್ನು ಅಕ್ಬರ್ 1562ರಲ್ಲಿ ಮದುವೆಯಾದದ್ದು ನಿಜ. ಆದರೆ ಅಬುಲ್ ಫಜಲನ 'ಅಕ್ಬರ್‌ನಾಮಾ' ಆಕೆಯನ್ನು ಜೋಧಾ ಎಂದು ಕರೆಯುವುದಿಲ್ಲ. 'ಮರಿಯಮ್ ಉಜ್ ಜಮಾನಿ' ಎಂಬುದು ಬಿರುದು ಮಾತ್ರ. ಜೋಧ್ ಬಾಯಿ ಎಂದು ಹೆಸರಾದವಳು ಆಕೆಯ ಸೊಸೆ, ಜಹಾಂಗೀರನ ಜೋಧಪುರದ ಪತ್ನಿ.

ಇದನ್ನು ನಾವು ಮನ್ನಿಸಬಲ್ಲೆವು. ಚರಿತ್ರೆಕಾರರು ಹೆಸರನ್ನೇ ಬರೆದಿಡದ ಹೆಣ್ಣಿಗೆ ಕಥೆಗಾರನಾದರೂ ಒಂದು ಹೆಸರು ಕೊಡಬೇಡವೇ? ಮದುವೆಗೆ ಮುನ್ನ ಆಕೆ ಷರತ್ತು ಹಾಕುವ ದೃಶ್ಯವೂ ನಮಗೆ ಪ್ರಿಯವೇ.

ನಮಗೆ ಒಪ್ಪಿಗೆಯಾಗದ್ದು ಯಾತ್ರಿಕರ ತೆರಿಗೆಯ ಪ್ರಸಂಗ. ಚಿತ್ರದಲ್ಲಿ ರಾಣಿಯ ಮಾತು ನಾಟಿದ ಮೇಲೆ ದೊರೆ ಪ್ರಜೆಗಳ ಕಷ್ಟ ಅರಿತು ಅದನ್ನು ರದ್ದು ಮಾಡುತ್ತಾನೆ. ಅಬುಲ್ ಫಜಲ್ ಹೇಳುವ ಪ್ರಕಾರ, 1563ರಲ್ಲಿ ಮಥುರೆಯ ಕಡೆ ಬೇಟೆಗೆ ಹೋದಾಗ ಅಕ್ಬರನಿಗೆ ಅದರ ವಿಷಯ ತಿಳಿಯಿತು. ಮರುವರ್ಷ ಜಿಜಿಯಾ ತೆರಿಗೆಯೂ ಹೋಯಿತು. ಇದು ಇಪ್ಪತ್ತರ ಆಸುಪಾಸಿನ ದೊರೆಯೊಬ್ಬ ಯೋಚಿಸಿ ಇಟ್ಟ ರಾಜಕೀಯ ಹೆಜ್ಜೆ. ಪ್ರೇಮದ ಕಾಣಿಕೆಯೆಂದು ತೋರಿಸಿದರೆ ಪ್ರಜೆಗೆ ಸಿಕ್ಕ ನ್ಯಾಯ ಅಂತಃಪುರದ ಸರಸಕ್ಕೆ ಜೋತುಬಿದ್ದಂತಾಗುತ್ತದೆ.

ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಲ್ಲಿ ಅನೇಕರಿಗೆ ಮೊಗಲರ ಮೊದಲ ಪಾಠ ಇಂಥ ಚಿತ್ರಗಳೇ. ಧಾರಾಳವಾಗಿ ತೋರಿಸೋಣ. ಜೊತೆಗೆ, ಇಷ್ಟು ದೊಡ್ಡ ಸಾಮ್ರಾಜ್ಯದ ರಾಣಿಯ ಹೆಸರು ಏಕೆ ಉಳಿಯಲಿಲ್ಲ ಎಂದೂ ಕೇಳೋಣ.