ರೊಟ್ಟಿಗೊಂದು ವ್ಯಾಳ್ಯಾ

ಹೊರಗಿನವರಿಗೆ ಧಾರವಾಡವೆಂದರೆ ಪೇಢಾ. ಉತ್ತರ ಪ್ರದೇಶದ ಉನ್ನಾವ ಸೀಮೆಯಿಂದ ಬಂದ ಠಾಕೂರ್ ಮನೆತನ ಖೋವಾವನ್ನು ಕೆಂಪಗೆ ಹುರಿದು, ಸಕ್ಕರೆಯಲ್ಲಿ ಹೊರಳಿಸಿ ಊರಿಗೆ ಹೆಸರು ತಂದಿತು. ಲೈನ್ ಬಜಾರಿನ ಆ ಅಂಗಡಿಯ ಬಗ್ಗೆ ನನಗೇನೂ ತಕರಾರಿಲ್ಲ. ಆದರೆ ನಮ್ಮ ಹುಬ್ಬಳ್ಳಿಯ ಮನೆಯಲ್ಲಿ ಪೇಢಾ ಬರುತ್ತಿದ್ದುದು ಬೀಗರು ಬಂದಾಗ, ಇಲ್ಲವೇ ಯಾರಾದರೂ ಪರೀಕ್ಷೆ ಪಾಸಾದಾಗ. ನಾಲಿಗೆ ಪಳಗಿದ್ದು ಅವ್ವನ ಒಲೆಯ ಮುಂದೆ. ತಿನ್ನುವ ಪ್ರತಿಯೊಂದಕ್ಕೂ ಅದರದ್ದೇ ಒಂದು ವ್ಯಾಳ್ಯಾ ಇರುತ್ತದೆ, ಅದು ತಪ್ಪಿದರೆ ರುಚಿಯೂ ತಪ್ಪಿತು ಎಂಬುದು ಅವಳ ಲೆಕ್ಕ.

ಜೋಳದ ರೊಟ್ಟಿಯ ವ್ಯಾಳ್ಯಾ ಎಲ್ಲಕ್ಕಿಂತ ಚಿಕ್ಕದು. ಹಂಚಿನಿಂದ ಇಳಿದ ಮೇಲೆ ನಾಲ್ಕೈದು ನಿಮಿಷ, ಅಷ್ಟೇ. ಆದರೆ ಅದರ ತಯಾರಿ ವಾರದ ಮೊದಲೇ ಗಿರಣಿಯಲ್ಲಿ ಶುರುವಾಗುತ್ತಿತ್ತು. ಬೀಸಿ ಬಹಳ ದಿನವಾದ ಹಿಟ್ಟಿನಲ್ಲಿ ಜಿಗಿ ಉಳಿಯುವುದಿಲ್ಲ, ತಟ್ಟಿದರೆ ಅಂಚು ಒಡೆಯುತ್ತದೆ. ಅದಕ್ಕೇ ವಾರಕ್ಕೆ ಬೇಕಾದಷ್ಟೇ ಬೀಸಿಸುವುದು. ಜೋಳವೂ ಹಿಂಗಾರಿಯದೇ ಆಗಬೇಕು. ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆಯ್ದು ತೆಗೆದ ಎಂ 35-1 ಎಂಬ ಮಾಲದಂಡಿ ತಳಿ ನಮ್ಮ ಎರೆಹೊಲಗಳಲ್ಲಿ ಇನ್ನೂ ಬೇರು ಬಿಟ್ಟು ನಿಂತಿದೆ. ಎಷ್ಟೋ ಹೊಸ ತಳಿಗಳು ಬಂದು ಹೋದವು. ರೊಟ್ಟಿಯ ವಿಷಯದಲ್ಲಿ ಹೆಂಗಸರು ಅದನ್ನು ಬಿಟ್ಟುಕೊಡಲಿಲ್ಲ.

ಗೋಧಿಗಿರುವ ಅಂಟು ಜೋಳಕ್ಕಿಲ್ಲ. ಹಾಗಾಗಿ ಕುದಿಯುವ ಎಸರೇ ಅದನ್ನು ಹಿಡಿದಿಡಬೇಕು. ಕೊಣಮಗಿಯಲ್ಲಿ ಹಿಟ್ಟಿನ ನಡುವೆ ಗುಂಡಿ ಮಾಡಿ ಎಸರು ಸುರಿದಾಗ ಏಳುವ ಹಬೆಯಲ್ಲಿ ಒಣಹುಲ್ಲಿನ, ಹೊಸ ಕಾಳಿನ ಒಂದು ವಾಸನೆ ಇರುತ್ತಿತ್ತು. ಆಮೇಲೆ ಅಂಗೈ ಬುಡದಿಂದ ನಾದುವುದು, ನಾದಿದ್ದನ್ನೇ ಮತ್ತೆ ನಾದುವುದು. ನಂತರ ಬಡಿತ. ಅವ್ವನ ಬಡಿತಕ್ಕೊಂದು ಲಯವಿತ್ತು. ಓಣಿಯಲ್ಲಿ ನಡೆದು ಬರುವಾಗಲೇ ಯಾರ ಮನೆಯ ರೊಟ್ಟಿ ಎಷ್ಟು ತೆಳ್ಳಗಾಯಿತೆಂದು ಕಿವಿಯಿಂದ ತಿಳಿಯಬಹುದಿತ್ತು. ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಹಾಕಿ, ಕೆಂಡದ ಬದಿಗೆ ನಿಲ್ಲಿಸಿದರೆ ರೊಟ್ಟಿ ಪೂರ್ತಿ ಉಬ್ಬುತ್ತದೆ. ‘ರೊಟ್ಟಿ ನಿನ್ನ ದಾರಿ ಕಾಯೂದಿಲ್ಲ, ಲಗೂ ಬಾ’ ಎಂದು ಅವಳು ಕೂಗುತ್ತಿದ್ದುದು ಆಗಲೇ.

ಮೇಲಿನ ಪದರನ್ನು ಉಗುರಿನಿಂದ ಬಿಡಿಸಿ ಒಳಗೆ ಬೆಣ್ಣೆ ಇಟ್ಟರೆ ಅದು ಕರಗುವ ಮೊದಲೇ ಒಂದು ತುತ್ತು ಹೋಗಿರಬೇಕು. ಬದಿಗೆ ಎಣ್ಣಿಗಾಯಿ, ಶೇಂಗಾ ಹಿಂಡಿ, ಕೆನೆಮೊಸರು, ಒಂದು ಹಸಿ ಉಳ್ಳಾಗಡ್ಡಿ. ಗುರೆಳ್ಳು ಹಿಂಡಿಯ ಆ ಕಹಿ ಬೆರೆತ ಎಣ್ಣೆರುಚಿ ಚಿಕ್ಕವರಿದ್ದಾಗ ಹಿಡಿಸುತ್ತಿರಲಿಲ್ಲ. ಈಗ ಶೇಂಗಾಕ್ಕಿಂತ ಅದೇ ಮೇಲು ಅನಿಸುತ್ತದೆ. ಅಂದಹಾಗೆ, ಈ ಬಿಸಿ ರೊಟ್ಟಿಯ ಸುಖ ಬಡಿಯುವವಳಿಗೆ ಮಾತ್ರ ಸಿಗುತ್ತಿರಲಿಲ್ಲ. ಅವ್ವ ಉಣ್ಣುವ ಹೊತ್ತಿಗೆ ಅವಳ ಪಾಲಿನ ರೊಟ್ಟಿ ಆರಿರುತ್ತಿತ್ತು.

ಉಳಿದವುಗಳಿಗೆ ಬೇರೆ ಬೇರೆ ಗಡಿಯಾರ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಜಾಸ್ತಿ, ಖಾರ ಕಡಿಮೆ. ಅದನ್ನು ಒಣಗಿಸಿ ಕುಟ್ಟಿದ ಮಸಾಲಿ ಖಾರ ವರ್ಷಪೂರ್ತಿ ಬರುತ್ತದೆ. ಎಳ್ಳಮಾವಾಸ್ಯೆಗೆ ಮಾಡುವ ಅಗಸಿಯ ಕರಿಂಡಿ ಮಾಡಿದ ದಿನ ಬರೀ ಖಾರ. ಮೂರು ದಿನ ಹುಳಿತ ಮೇಲೆಯೇ ಅದು ಬಾಯಿಗೆ ಹತ್ತುವುದು. ಹೋಳಿಗೆಯ ಮರುದಿನ ಕುದಿಸಿದ ಕಟ್ಟಿನ ಸಾರಿನ ಮುಂದೆ ಹಬ್ಬದ ದಿನದ ಸಾರು ಏನೂ ಅಲ್ಲ. ಇದು ನನ್ನೊಬ್ಬನ ಮಾತಲ್ಲ, ನಮ್ಮ ಕಡೆ ಯಾರನ್ನಾದರೂ ಕೇಳಿ.

ಇನ್ನು ನಾನ್‌ಖಟಾಯಿ. ಮನೆಯಲ್ಲಿ ಭಟ್ಟಿ ಎಲ್ಲಿಯದು? ಮೈದಾ, ಸಣ್ಣ ರವೆ, ಪುಡಿ ಸಕ್ಕರೆ, ತುಪ್ಪ, ಯಾಲಕ್ಕಿ ಕಲಸಿದ ಹಿಟ್ಟನ್ನು ಡಬ್ಬಿಯಲ್ಲಿ ಹೊತ್ತು ದೀಪಾವಳಿಯ ಮುನ್ನ ಬೇಕರಿಗೆ ಹೋಗುತ್ತಿದ್ದೆವು. ಬ್ರೆಡ್ಡು ಬೆಂದು ಹೊರಬಂದು ಭಟ್ಟಿಯ ಕಾವು ಇಳಿದ ಮೇಲೆಯೇ ನಮ್ಮ ತಟ್ಟೆ ಒಳಗೆ. ಎಳೆ ಕಾವಿನಲ್ಲಿ ಬೆಂದರೇ ಮೈ ಬಿರಿದು, ಬಾಯಲ್ಲಿಟ್ಟರೆ ಪುಡಿಯಾಗುವುದು. ನಮ್ಮ ತಟ್ಟೆ ಪರರ ಪಾಲಾಗದಂತೆ ಅಲ್ಲೇ ಕಾವಲು ನಿಲ್ಲುವುದು ಮಕ್ಕಳ ಕೆಲಸ.

ಈಗ ಖಡಕ್ ರೊಟ್ಟಿ ಪೊಟ್ಟಣದಲ್ಲಿ ಎಲ್ಲ ಕಡೆ ಸಿಗುತ್ತದೆ. ಪ್ರಯಾಣಕ್ಕೆ, ಪರದೇಶಕ್ಕೆ ಅದು ಸರಿಯೇ. ಆದರೆ ಅದನ್ನು ತಿಂದು ಜೋಳದ ರೊಟ್ಟಿಯ ರುಚಿ ಗೊತ್ತಾಯಿತು ಎನ್ನಬೇಡಿ. ಹಿಂಗಾರಿಯ ಹೊಸ ಜೋಳ ಶಿವರಾತ್ರಿಯ ಸುಮಾರಿಗೆ ಪೇಟೆಗೆ ಬರುತ್ತದೆ. ಆಗ ಹುಬ್ಬಳ್ಳಿ ಕಡೆ ಬಂದರೆ ಒಂದು ಸಣ್ಣ ಖಾನಾವಳಿ ಹುಡುಕಿ, ರೊಟ್ಟಿ ಬಡಿಯುವವರ ಹತ್ತಿರದ ಜಾಗದಲ್ಲೇ ಕೂಡಿ. ತಾಟಿಗೆ ರೊಟ್ಟಿ ಬಿದ್ದ ಮೇಲೆ ಫೋಟೊ ತೆಗೆಯುತ್ತ ಕೂಡಬೇಡಿ, ಮೊದಲು ಉಣ್ಣಿ.